ನಾಲ್ಕು ಮನೆಯ ಲೆಕ್ಕ, ನೂರಾರು ಬಾಣಂತಿಯರ ಜೀವ

"ನೆರೆಮನೆಯಲ್ಲಿ ಹತ್ತು ಕೋಳಿ ಸತ್ತವು, ನಮ್ಮಲ್ಲಿ ಐದೇ" ಎಂದು ಸಮಾಧಾನಪಡುವವರುಂಟು. ನೆರೆಯವರು ಸಾಕಿದ್ದು ನೂರು, ನಾವು ಸಾಕಿದ್ದು ಹತ್ತು ಎಂದಾದರೆ? ಅವರಿಗೆ ನೂರಕ್ಕೆ ಹತ್ತು ನಷ್ಟ, ನಮಗೆ ನೂರಕ್ಕೆ ಐವತ್ತು! ಸತ್ತದ್ದೆಷ್ಟು ಎಂಬುದರ ಜೊತೆಗೆ ಒಟ್ಟು ಇದ್ದದ್ದೆಷ್ಟು ಎಂದೂ ಕೇಳಬೇಕು.

ಆಸ್ಟ್ರಿಯಾದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಗರ್ಭಿಣಿ ಯಾವ ವಿಭಾಗಕ್ಕೆ ಎಂಬುದು ಆಕೆ ಬಂದ ದಿನದ ಮೇಲೆ ನಿರ್ಧಾರವಾಗುತ್ತಿತ್ತು. ಬಾಣಂತಿ ಜ್ವರದ ಭಯದಿಂದ ಒಂದನೆಯ ವಿಭಾಗ ಬೇಡವೆಂದು ಮೊಣಕಾಲೂರಿ ಬೇಡಿದವರಿದ್ದರು. 1846ರ ಲೆಕ್ಕ ನೋಡಿ:

ವಿಭಾಗ | ತೀರಿಕೊಂಡ ತಾಯಂದಿರು | ಉಳಿದವರು | ಒಟ್ಟು
ಒಂದನೆಯದು | 459 | 3551 | 4010
ಎರಡನೆಯದು | 105 | 3649 | 3754
ಒಟ್ಟು | 564 | 7200 | 7764

ಇಡೀ ಆಸ್ಪತ್ರೆಯಲ್ಲಿ ತಾಯಿ ಸಾಯುವ ಸಂಭವವೆಷ್ಟು? 564ನ್ನು 7764ರಿಂದ ಭಾಗಿಸಿ. ನೂರಕ್ಕೆ ಸುಮಾರು 7. ಒಂದನೆಯ ವಿಭಾಗ ಸೇರಿದವಳಿಗೆ? ಆ ಸಾಲನ್ನು ಮಾತ್ರ ನೋಡಿ, 459ನ್ನು 4010ರಿಂದ ಭಾಗಿಸಿ. ನೂರಕ್ಕೆ 11ಕ್ಕೂ ಮೇಲೆ. ಎರಡನೆಯದರಲ್ಲಿ ನೂರಕ್ಕೆ 3ಕ್ಕೂ ಕಡಿಮೆ. ಅಂದರೆ ಅಪಾಯ ಸುಮಾರು ನಾಲ್ಕು ಪಟ್ಟು!

ಇಲ್ಲೊಂದು ಎಚ್ಚರ ಬೇಕು. 459ನ್ನು 564ರಿಂದ ಭಾಗಿಸಿದರೆ ನೂರಕ್ಕೆ 81 ಬರುತ್ತದೆ. ತೀರಿಕೊಂಡವರಲ್ಲಿ 81 ಪಾಲು ಒಂದನೆಯ ವಿಭಾಗದವರು ಎಂದಷ್ಟೇ ಇದರರ್ಥ. ಅಲ್ಲಿಗೆ ಹೋದವರಲ್ಲಿ ನೂರಕ್ಕೆ 81 ಮಂದಿ ಸಾಯುತ್ತಾರೆಂದಲ್ಲ. ಯಾವ ಒಟ್ಟಿನಿಂದ ಭಾಗಿಸುತ್ತೇವೆ ಎಂಬುದೇ ಮುಖ್ಯ.

ಈ ವ್ಯತ್ಯಾಸದ ಕಾರಣ ಹುಡುಕಿದವರು ಡಾ. ಸೆಮ್ಮೆಲ್‌ವೈಸ್. ಸಾಯುತ್ತಿರುವ ರೋಗಿಗಳಿಗೆ ಕೊನೆಯ ಪ್ರಾರ್ಥನೆ ಸಲ್ಲಿಸಲು ಬರುವ ಗುರುಗಳ ಗಂಟೆಯ ಸದ್ದೇ ಬಾಣಂತಿಯರನ್ನು ಹೆದರಿಸುತ್ತಿದೆಯೋ ಎಂದು ಗಂಟೆಯನ್ನೂ ನಿಲ್ಲಿಸಿ ನೋಡಿದರು, ಸಾವು ನಿಲ್ಲಲಿಲ್ಲ. 1847ರಲ್ಲಿ ಹೆಣ ಕೊಯ್ಯುವಾಗ ಚಾಕು ತಗಲಿದ ಸ್ನೇಹಿತ ವೈದ್ಯರೊಬ್ಬರು ಅದೇ ರೀತಿಯ ಕಾಯಿಲೆಯಿಂದ ತೀರಿಕೊಂಡರು. ಆಗ ಹೊಳೆಯಿತು: ವಿದ್ಯಾರ್ಥಿಗಳು ಹೆಣ ಮುಟ್ಟಿದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. ಆ ವರ್ಷದ ಮೇ ತಿಂಗಳಿನಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. 1848ರಲ್ಲಿ ಅದೇ ವಿಭಾಗದ 3556 ಹೆರಿಗೆಗಳಲ್ಲಿ ಸಾವು ಬರೇ 45!

ಬಾಣಂತಿಯನ್ನೂ ಮಗುವನ್ನೂ ಮುಟ್ಟುವ ಮೊದಲು, ದನ ಕರು ಹಾಕುವಾಗ ಕೈ ಕೊಡುವ ಮೊದಲೂ ಅನಂತರವೂ, ಸೋಪು ಹಚ್ಚಿ ಕೈ ತೊಳೆಯಿರಿ. ಕೋಳಿಗಳಿಗೆ ಲಸಿಕೆ ಹಾಕಿಸಿದಾಗ ಪುಸ್ತಕದಲ್ಲಿ ನಾಲ್ಕು ಮನೆ ಬರೆಯಿರಿ: ಹಾಕಿಸಿದವುಗಳಲ್ಲಿ ಸತ್ತದ್ದು, ಉಳಿದದ್ದು; ಹಾಕಿಸದವುಗಳಲ್ಲಿ ಸತ್ತದ್ದು, ಉಳಿದದ್ದು. ಬಾಯಿಮಾತಿಗಿಂತ ಆ ಲೆಕ್ಕವನ್ನು ನಂಬಿ.