ನಿಮಗಿದು ಗೊತ್ತೆ? ಕಟ್ಟದ ಕೋಣೆಯಲ್ಲೂ ಸೆಕೆಯ ಪರೀಕ್ಷೆ

ಮನೆ ಕಟ್ಟುವ ಮೊದಲೇ ಅದರೊಳಗೆ ಸೆಕೆಯಾಗುತ್ತದೋ, ಬೆಳಕು ಕಣ್ಣು ಕುಕ್ಕುತ್ತದೋ ಎಂದು ತಿಳಿಯಲು ಸಂಶೋಧಕರು ವರ್ಚುವಲ್ ರಿಯಾಲಿಟಿಯ ಮೊರೆಹೋಗಿದ್ದಾರೆ. ಕಣ್ಣಿಗೆ ಹೆಡ್‌ಸೆಟ್ ತೊಟ್ಟವರು ಇನ್ನೂ ಕಟ್ಟದ ಕೋಣೆಯೊಳಗೆ ನಿಂತಂತೆ ಸುತ್ತ ನೋಡಬಹುದು. ಕಿಟಕಿಯ ಅಳತೆ, ಗೋಡೆಯ ಬಣ್ಣ ಕ್ಷಣದಲ್ಲೇ ಬದಲಾಗುತ್ತವೆ.

ಆದರೆ ಸೆಕೆಯನ್ನು ಪರದೆಯ ಮೇಲೆ ತೋರಿಸಲಾಗದು. ಅದಕ್ಕಾಗಿ ಉಷ್ಣತೆ, ತೇವಾಂಶ ಹತೋಟಿಯಲ್ಲಿರುವ ನಿಜವಾದ ಕೊಠಡಿಯಲ್ಲಿ ಕೂರಿಸಿ ಹೆಡ್‌ಸೆಟ್ ತೊಡಿಸುತ್ತಾರೆ. ಬಿಸಿಲಿನ ಪೂರ್ತಿ ಪ್ರಖರತೆಯೂ ಈ ಪರದೆಗೆ ನಿಲುಕುವುದಿಲ್ಲ.

ದೇಹದ ಹಿತ ಥರ್ಮಾಮೀಟರ್ ಒಂದರಿಂದಲೇ ತಿಳಿಯುವಂಥದ್ದಲ್ಲ. ಡೆನ್ಮಾರ್ಕಿನ ಪಿ. ಒ. ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆರು ಅಂಶಗಳಿವೆ: ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ-ಚಾವಣಿಯ ಕಾವು, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮಾಡುವ ಕೆಲಸ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇಂಥ ಲೆಕ್ಕ ಹೊಸದೇನಲ್ಲ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ರೇಷ್ಮೆಹುಳುಗಳಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 80ಕ್ಕೂ ಮೇಲ್ಪಟ್ಟ ತೇವಾಂಶ ಬೇಕು. ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಹುಳುಗಳಿಗೆ 24-25 ಡಿಗ್ರಿ, ಶೇ 70ರಷ್ಟು ತೇವಾಂಶ ಸಾಕು. ಗಾಳಿ ಮಾತ್ರ ಚೆನ್ನಾಗಿ ಆಡಬೇಕು. ಪ್ರಖರ ಬೆಳಕೂ ಅವಕ್ಕೆ ಆಗಿಬರದು.

ಹುಳುಗಳಿಗೆ ಹೆಡ್‌ಸೆಟ್ ತೊಡಿಸಿ ಕೇಳುವಂತಿಲ್ಲವಲ್ಲ! ಹಾಗಾಗಿ ಹುಳುಮನೆಯಲ್ಲಿ ಒಣ ಮತ್ತು ಒದ್ದೆ ಬಲ್ಬಿನ ಜೋಡಿ ಥರ್ಮಾಮೀಟರ್ ತೂಗುಹಾಕುತ್ತಾರೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಳಿ ಒಣಗಿದೆ ಎಂದರ್ಥ. ಆಗ ಕಿಟಕಿಗಳಿಗೆ ಒದ್ದೆ ಗೋಣಿತಾಟು ಇಳಿಬೀಳುತ್ತದೆ.