ಮೇಣದಲ್ಲಿ ಉಳಿದ ಪಿಟೀಲು

1932ನೆಯ ಇಸವಿಯ ಜುಲೈ ತಿಂಗಳ 14 ಮತ್ತು 15ನೆಯ ತಾರೀಖುಗಳಂದು ಲಂಡನ್ನಿನ ಆಬಿ ರೋಡ್ ಧ್ವನಿಮುದ್ರಣ ಮಂದಿರದಲ್ಲಿ ಒಂದು ಅಪೂರ್ವ ಸಮಾಗಮ ನಡೆಯಿತು. ವಾದ್ಯವೃಂದದ ಎದುರು ಕೋಲು ಹಿಡಿದು ನಿಂತವರು ಇಂಗ್ಲೆಂಡಿನ ಹಿರಿಯ ಸಂಗೀತ ರಚನಕಾರ ಸರ್ ಎಡ್ವರ್ಡ್ ಎಲ್ಗಾರ್. ಅವರಿಗೆ ಆಗ 75 ವರ್ಷ. ಪಕ್ಕದಲ್ಲಿ ಪಿಟೀಲು ಹಿಡಿದು ನಿಂತವನು ಯೆಹೂದಿ ಮೆನುಹಿನ್ ಎಂಬ ಅಮೆರಿಕದ ಬಾಲಕ. ಅವನಿಗೆ 16 ವರ್ಷ. ನುಡಿಸಬೇಕಾಗಿದ್ದುದು ಎಲ್ಗಾರ್ ಅವರೇ ರಚಿಸಿದ ಪಿಟೀಲು ಕನ್ಚೆರ್ಟೊ. ಆ ಕೃತಿ ಮೊದಲು ಲೋಕದ ಕಿವಿಗೆ ಬಿದ್ದಾಗ ಬಾಲಕನು ಇನ್ನೂ ಹುಟ್ಟಿರಲೇ ಇಲ್ಲ!

ನಮ್ಮ ಕಛೇರಿಗಳಲ್ಲಿ ಪಿಟೀಲು ಬಹುಮಟ್ಟಿಗೆ ಹಾಡುವವರ ಬೆಂಬಲಕ್ಕೆ ಕುಳಿತ ಪಕ್ಕವಾದ್ಯ. ಪಾಶ್ಚಾತ್ಯರ ಕನ್ಚೆರ್ಟೊ ಎಂಬ ರಚನೆಯಲ್ಲಾದರೋ ಈ ಸಂಬಂಧ ತಿರುವುಮುರುವಾಗುತ್ತದೆ. ಅಲ್ಲಿ ಪಿಟೀಲು ಒಂಟಿಯಾಗಿ ಮುಂದೆ ನಿಲ್ಲುತ್ತದೆ. ಅದರ ಹಿಂದೆ ತಂತಿವಾದ್ಯ, ಕೊಳಲು, ಕಹಳೆ, ನಗಾರಿಗಳನ್ನು ಹಿಡಿದ ದೊಡ್ಡ ತಂಡವೇ ಇರುತ್ತದೆ. ಆ ಸಣ್ಣ ದನಿ ಈ ದೊಡ್ಡ ದನಿಯೊಡನೆ ಒಮ್ಮೆ ವಾದಕ್ಕೆ ನಿಲ್ಲಬೇಕು, ಒಮ್ಮೆ ಒಲಿಸಿಕೊಳ್ಳಬೇಕು, ಒಮ್ಮೆ ಅದರ ಮೇಲೆ ತೇಲಬೇಕು. ಸಭಾಂಗಣದಲ್ಲಿ ಕಿವಿಗೆ ಕಣ್ಣಿನ ಸಹಾಯವಿರುತ್ತದೆ. ಕಮಾನು ಆಡುವುದನ್ನು ನೋಡುತ್ತಿರುವ ಶ್ರೋತೃವಿಗೆ ಮೆಲುದನಿಯೂ ಸ್ಪಷ್ಟವಾಗಿ ಕೇಳುತ್ತದೆ. ಧ್ವನಿಮುದ್ರಣದ ಯಂತ್ರಕ್ಕೆ ಕಣ್ಣಿಲ್ಲ. ಒಂದು ಪಿಟೀಲನ್ನು ವಾದ್ಯವೃಂದದ ನಡುವೆ ಮುಳುಗದಂತೆ ತಟ್ಟೆಯ ಮೇಲೆ ಇಳಿಸುವುದು ಹೇಗೆ? ಮುದ್ರಣಕಾರರನ್ನು ಮೊದಲಿನಿಂದಲೂ ಕಾಡಿದ ಪ್ರಶ್ನೆ ಇದು.

ಕೊಂಬಿನ ಕಾಲ

1925ಕ್ಕೆ ಮೊದಲು ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ಗೋಡೆಯಿಂದ ಹೊರಚಾಚಿದ ದೊಡ್ಡ ಕೊಂಬೊಂದರ ಮುಂದೆ ವಾದಕರು ಒತ್ತೊತ್ತಾಗಿ ನಿಂತು ನುಡಿಸುತ್ತಿದ್ದರು. ಆ ನಾದದ ಕಂಪನವೇ ಕೊಂಬಿನ ಕೊನೆಯಲ್ಲಿದ್ದ ಮುಳ್ಳನ್ನು ಅಲುಗಿಸಿ, ತಿರುಗುತ್ತಿರುವ ಮೇಣದ ಮೇಲೆ ಗೆರೆ ಕೊರೆಯಬೇಕಾಗಿತ್ತು. ಡಬಲ್ ಬಾಸ್‌ನಂಥ ಮಂದ್ರದ ತಂತಿವಾದ್ಯಗಳ ದನಿ ಅದಕ್ಕೆ ಹತ್ತುತ್ತಿರಲಿಲ್ಲವಾದ್ದರಿಂದ ಅವುಗಳ ಬದಲಿಗೆ ಹಿತ್ತಾಳೆಯ ಟ್ಯೂಬ ವಾದ್ಯವನ್ನು ಊದಿಸುತ್ತಿದ್ದರು. ಪಿಟೀಲಿಗೂ ಒಂದು ಉಪಾಯ ಹುಟ್ಟಿತು. ಆಗಸ್ಟಸ್ ಸ್ಟ್ರೋ ಎಂಬುವರು ಮರದ ಒಡಲನ್ನೇ ತೆಗೆದುಹಾಕಿ, ಅದರ ಸ್ಥಾನದಲ್ಲಿ ಲೋಹದ ತುತ್ತೂರಿಯನ್ನು ಜೋಡಿಸಿದ ವಿಚಿತ್ರ ಪಿಟೀಲನ್ನು ನಿರ್ಮಿಸಿದರು. ದನಿ ದೊಡ್ಡದಾಯಿತು, ಇಂಪು ಕುಂದಿತು. ಮೈಸೂರಿನ ಟಿ. ಚೌಡಯ್ಯನವರು ತಮ್ಮ ಪಿಟೀಲಿನ ನಾದ ಸಭೆಯ ಕೊನೆಯ ಸಾಲಿಗೂ ಮುಟ್ಟಲೆಂದು ಏಳು ತಂತಿಗಳನ್ನು ಬಿಗಿದುದು ಓದುಗರಿಗೆ ನೆನಪಾಗಬಹುದು. ಪಿಟೀಲಿನ ದನಿ ಸಾಲದೆಂಬ ಚಿಂತೆ ಎರಡು ಕಡೆಯೂ ಒಂದೇ.

ಎಲ್ಗಾರ್ ಗ್ರಾಮಫೋನನ್ನು ಆಟಿಕೆಯೆಂದು ತಳ್ಳಿಹಾಕಿದವರಲ್ಲ. 1914ರಿಂದಲೇ ಅವರು ತಮ್ಮ ಕೃತಿಗಳನ್ನು ತಾವೇ ನಡೆಸಿ ಮುದ್ರಿಸತೊಡಗಿದ್ದರು. 1916ರಲ್ಲಿ ಮೇರಿ ಹಾಲ್ ಎಂಬ ಕಲಾವಿದೆಯ ಪಿಟೀಲಿನೊಡನೆ ಇದೇ ಕನ್ಚೆರ್ಟೊವನ್ನು ಕೊಂಬಿನ ಮುಂದೆ ನುಡಿಸಿದ್ದೂ ಉಂಟು. ಆದರೆ ಸುಮಾರು 50 ನಿಮಿಷಗಳ ಕೃತಿಯನ್ನು ನಾಲ್ಕು ಮುಖಗಳಿಗೆ ಹಿಡಿಸುವಂತೆ ಕತ್ತರಿಸಬೇಕಾಯಿತು. ವೃಂದದ ಮೆಲುದನಿ ಕೇಳುವುದಿಲ್ಲವೆಂದು ಎಲ್ಗಾರ್ ಒಂದು ಕಡೆ ಹಾರ್ಪ್ ವಾದ್ಯಕ್ಕೆ ಹೊಸದಾಗಿ ಸ್ವರ ಬರೆದು ಸೇರಿಸಿದರು. ಕೃತಿಯ ನೆರಳು ತಟ್ಟೆಗೆ ಇಳಿಯಿತೇ ಹೊರತು ಕೃತಿ ಇಳಿಯಲಿಲ್ಲ.

ನಾಲ್ಕು ನಿಮಿಷದ ಮಿತಿ

1925ರಲ್ಲಿ ವಿದ್ಯುತ್ ಮುದ್ರಣ ಬಂದಿತು. ಕೊಂಬು ಹೋಗಿ ಮೈಕ್ರೊಫೋನ್ ನಿಂತಿತು. ವಾದಕರು ಕೈಕಾಲು ಆಡಿಸಿ ಕುಳಿತುಕೊಳ್ಳುವಂತಾಯಿತು. ಆದರೆ ಮೇಣ ಹಾಗೆಯೇ ಉಳಿಯಿತು. ನಿಮಿಷಕ್ಕೆ 78 ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ನಾಲ್ಕು, ನಾಲ್ಕೂವರೆ ನಿಮಿಷದ ಸಂಗೀತ ಮಾತ್ರ. ದೀರ್ಘ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ಮೇಣದ ಮೇಲೆ ಕೊರೆದುದನ್ನು ಅಲ್ಲೇ ಕೇಳಿ ನೋಡೋಣವೆಂದರೆ ಮುಳ್ಳು ಹಾದ ಕೂಡಲೆ ಆ ಮೃದುವಾದ ಗೆರೆ ಕೆಟ್ಟುಹೋಗುತ್ತಿತ್ತು. ನಾಲ್ಕನೆಯ ನಿಮಿಷದಲ್ಲಿ ಯಾರಾದರೊಬ್ಬರು ಕೆಮ್ಮಿದರೆ, ಒಂದು ಕಹಳೆ ಅಪಸ್ವರ ನುಡಿದರೆ, ಇಡೀ ಮುಖವನ್ನು ಮೊದಲಿನಿಂದ ನುಡಿಸದೆ ಗತ್ಯಂತರವಿರಲಿಲ್ಲ. ತಪ್ಪಿದ ಸ್ವರವನ್ನು ಕಿತ್ತು ಬೇರೆ ಸ್ವರವನ್ನು ಅಂಟಿಸುವ ವಿದ್ಯೆ ಆಗ ಇರಲಿಲ್ಲ.

ಮುದ್ರಿತವಾದ ಮೇಣದಿಂದ ಲೋಹದ ಅಚ್ಚನ್ನು ತೆಗೆದು, ಅದರಿಂದ ಮಾರಾಟದ ತಟ್ಟೆಗಳನ್ನು ಒತ್ತುತ್ತಿದ್ದರು. ಆ ತಟ್ಟೆಗಳ ಮುಖ್ಯ ದ್ರವ್ಯ ಅರಗು. ಅದರ ಬಹುಪಾಲು ಭಾರತದ ಕಾಡುಗಳಿಂದಲೇ ಹಡಗೇರಿ ಹೋಗುತ್ತಿತ್ತು. ಚನ್ನಪಟ್ಟಣದ ಬೊಂಬೆಗೆ ಬಣ್ಣದ ಹೊಳಪು ಕೊಡುವ ಅರಗೇ ಪಶ್ಚಿಮದ ಸಂಗೀತವನ್ನೂ ಹೊತ್ತು ಮನೆಮನೆಗೆ ತಲುಪಿಸಿತು.

ಕೈತಪ್ಪಿದ ನಾದ

ಈ ಕನ್ಚೆರ್ಟೊವನ್ನು ಎಲ್ಗಾರ್ ಅರ್ಪಿಸಿದ್ದುದು ಆ ಕಾಲದ ಪಿಟೀಲು ಸಾರ್ವಭೌಮ ಫ್ರಿಟ್ಸ್ ಕ್ರೈಸ್ಲರ್ ಅವರಿಗೆ. 1910ರ ನವೆಂಬರ್ 10ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಅದನ್ನು ಪ್ರಥಮವಾಗಿ ನುಡಿಸಿದವರೂ ಅವರೇ; ನಿರ್ದೇಶಿಸಿದವರು ಸ್ವತಃ ಎಲ್ಗಾರ್. ಸಹಜವಾಗಿಯೇ ಗ್ರಾಮಫೋನ್ ಕಂಪನಿಯವರಿಗೆ ಕ್ರೈಸ್ಲರ್ ಅವರಿಂದ ಇದನ್ನು ಮುದ್ರಿಸಬೇಕೆಂಬ ಆಸೆಯಿತ್ತು. ಅದು ಕೈಗೂಡಲಿಲ್ಲ. 1929ರಲ್ಲಿ ಕೊಲಂಬಿಯ ಕಂಪನಿ ಆಲ್ಬರ್ಟ್ ಸಾಮನ್ಸ್ ಅವರ ಪಿಟೀಲು, ಸರ್ ಹೆನ್ರಿ ವುಡ್ ಅವರ ನಿರ್ದೇಶನದಲ್ಲಿ ಪೂರ್ಣ ಕೃತಿಯನ್ನು ಹೊರತಂದಿತು. ಅದು ಇಂದಿಗೂ ಮಾನ್ಯವಾದ ಮುದ್ರಣ. ಆದರೆ ರಚಿಸಿದವರ ಕೈಯ ನಡೆ ಹೇಗಿತ್ತೆಂಬುದಕ್ಕೆ ಪೂರ್ಣ ಸಾಕ್ಷ್ಯ ಇನ್ನೂ ಇರಲಿಲ್ಲ. ಎಲ್ಗಾರ್ ಅವರಿಗೆ ವಯಸ್ಸಾಗುತ್ತಿತ್ತು. 1920ರಲ್ಲಿ ಪತ್ನಿ ತೀರಿಕೊಂಡ ತರುವಾಯ ಅವರ ಲೇಖನಿಯಿಂದ ದೊಡ್ಡ ಕೃತಿಗಳು ಬರುವುದು ಬಹುಮಟ್ಟಿಗೆ ನಿಂತುಹೋಗಿತ್ತು.

ಈ ಅವಸರವನ್ನು ಅರಿತವರು ಕಂಪನಿಯ ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡು ಹೋದವರು ಇವರೇ. ಮುಂದೆ ಆ ಗಾಯಕಿ ಮೈಸೂರು ಅರಸರ ಆಶ್ರಯದಲ್ಲಿ 1930ರಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದರು. ಅಳಿದುಹೋಗಲಿರುವ ಕಂಠವನ್ನು ಅಳಿಯುವ ಮೊದಲೇ ಹಿಡಿದಿಡುವುದು ಗೈಸ್‌ಬರ್ಗ್ ಅವರ ಜೀವಿತದ ಕಸುಬಾಗಿತ್ತು. ಕ್ರೈಸ್ಲರ್ ಒದಗದಿರಲು, ಹಿಂದಿನ ಅಭ್ಯಾಸಗಳ ಹಂಗಿಲ್ಲದ, ಹಿರಿಯರ ಸೂಚನೆಯನ್ನು ಮನಸಾರೆ ಸ್ವೀಕರಿಸುವ ಎಳೆಯ ಕಲಾವಿದನೇ ತಕ್ಕವನೆಂದು ಅವರು ಮೆನುಹಿನ್‌ನನ್ನು ಆರಿಸಿದರು. 1929ರಲ್ಲಿ ಹದಿಮೂರು ತುಂಬುವ ಮೊದಲೇ ಬರ್ಲಿನ್ನಿನಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕನ್ಚೆರ್ಟೊಗಳನ್ನೂ ಒಂದೇ ಸಂಜೆ ನುಡಿಸಿ ಬೆರಗುಗೊಳಿಸಿದ್ದ ಹುಡುಗ ಅವನು.

ಎರಡು ದಿನಗಳು

ಮುದ್ರಣಕ್ಕೆ ಮುನ್ನ ಐವರ್ ನ್ಯೂಟನ್ ಅವರ ಪಿಯಾನೊ ಸಹಾಯದಿಂದ ಬಾಲಕನು ಎಲ್ಗಾರ್ ಅವರಿಗೆ ಕೃತಿಯನ್ನು ನುಡಿಸಿ ತೋರಿಸಿದನು. ಮೆನುಹಿನ್ ಮುಂದೆ ನೆನಪಿಸಿಕೊಂಡಂತೆ, ಕೆಲವು ಸಾಲುಗಳನ್ನು ಕೇಳಿದೊಡನೆ ಮುದುಕರು ತಡೆದು, ಎಲ್ಲವೂ ಸರಿಯಾಗಿದೆ, ಚಿಂತೆಗೆ ಕಾರಣವಿಲ್ಲವೆಂದು ಹೇಳಿ ಕುದುರೆ ಪಂದ್ಯ ನೋಡಲು ಹೊರಟೇಬಿಟ್ಟರಂತೆ! ಗುರುವಿನ ಕಠಿಣ ಪರೀಕ್ಷೆಯನ್ನು ನಿರೀಕ್ಷಿಸಿದ್ದ ಹುಡುಗನಿಗೆ ಆ ವಿಶ್ವಾಸವೇ ಪರೀಕ್ಷೆಯಾಯಿತು.

ಆಬಿ ರೋಡ್ ಮಂದಿರವು ಹಿಂದಿನ ವರ್ಷದ ನವೆಂಬರಿನಲ್ಲಷ್ಟೆ ತೆರೆದಿತ್ತು. ಆ ಆರಂಭದ ದಿನ ವಾದ್ಯವೃಂದವನ್ನು ನಡೆಸಿದವರೂ ಎಲ್ಗಾರ್ ಅವರೇ. ಈಗ ಲಂಡನ್ ಸಿಂಫೊನಿ ವಾದ್ಯವೃಂದದೊಡನೆ ಎರಡು ದಿನಗಳಲ್ಲಿ ಆರು ತಟ್ಟೆಗಳ ಹನ್ನೆರಡು ಮುಖಗಳು ಮುಗಿದುವು. ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲುವುದು, ಮೇಣ ಬದಲಾಯಿಸುವುದು, ಮತ್ತೆ ಅದೇ ಭಾವಕ್ಕೆ ಮರಳಿ ಅದೇ ವೇಗದಲ್ಲಿ ಎತ್ತಿಕೊಳ್ಳುವುದು! ನಿಂತು ಹೊರಟ ಸಂಗೀತವೆಂದು ಕೇಳುಗನಿಗೆ ಅನ್ನಿಸಬಾರದು. ಎಲ್ಲೆಲ್ಲಿ ಮುಖ ತಿರುವಬೇಕೆಂಬುದನ್ನು ಸ್ವರಪುಸ್ತಕದಲ್ಲಿ ಮೊದಲೇ ಗುರುತಿಸಿಕೊಳ್ಳಬೇಕು.

ಕೃತಿಯ ಕೊನೆಯ ಭಾಗದಲ್ಲಿ ಒಂದು ವಿಶೇಷ ಸ್ಥಳವಿದೆ. ಪಿಟೀಲು ಏಕಾಂಗಿಯಾಗಿ ತನ್ನ ಚಮತ್ಕಾರ ಮೆರೆಯುವ ಸಂದರ್ಭಕ್ಕೆ ಕಡೆನ್ಸ ಎಂದು ಹೆಸರು. ಸಾಮಾನ್ಯವಾಗಿ ಆಗ ವೃಂದ ಸುಮ್ಮನಿರುತ್ತದೆ. ಎಲ್ಗಾರ್ ಹಾಗೆ ಮಾಡಲಿಲ್ಲ. ವೃಂದದ ತಂತಿವಾದ್ಯಗಳವರು ಕಮಾನನ್ನು ಬಿಟ್ಟು ಬೆರಳಿನ ಮೆದುಭಾಗದಿಂದ ತಂತಿಗಳನ್ನು ಮೆಲ್ಲಗೆ ಸವರುತ್ತ ಝೇಂಕರಿಸುತ್ತಾರೆ. ದೂರದ ಮರಗಳಲ್ಲಿ ಗಾಳಿ ಸುಳಿದಂತೆ. ಅದರ ಮೇಲೆ ಪಿಟೀಲು ಹಿಂದಿನ ಭಾಗಗಳ ರಾಗಖಂಡಗಳನ್ನು ಒಂದೊಂದಾಗಿ ನೆನೆಯುತ್ತದೆ. 1916ರಲ್ಲಿ ಕೊಂಬಿಗೆ ನಿಲುಕದಿದ್ದುದು, ಹಾರ್ಪ್ ಬೇಡಿದುದು, ಈ ಝೇಂಕಾರವೇ. ಮೈಕ್ರೊಫೋನಿಗೆ ಅದು ನಿಲುಕಿತು.

ಕತ್ತರಿ ಬಂದ ಮೇಲೆ

ಎಲ್ಗಾರ್ 1934ರ ಫೆಬ್ರವರಿ 23ರಂದು ತೀರಿಕೊಂಡರು. ಮುದ್ರಣ ಮುಗಿದು ಎರಡು ವರ್ಷವೂ ತುಂಬಿರಲಿಲ್ಲ. ಎರಡನೆಯ ಮಹಾಯುದ್ಧದ ಬಳಿಕ ಕಾಂತಲೇಪದ ಟೇಪು ಬಂದಿತು. 1948ರಲ್ಲಿ ದೀರ್ಘಾವಧಿಯ ತಟ್ಟೆಯೂ ಬಂದಿತು. ಅಲ್ಲಿಂದ ಮುಂದೆ ವಾದಕನು ಒಂದು ಭಾಗವನ್ನು ಹಲವು ಸಲ ನುಡಿಸಬಹುದು. ಒಳ್ಳೆಯ ತುಣುಕುಗಳನ್ನು ಕತ್ತರಿಸಿ ಜೋಡಿಸಬಹುದು. ಇಂದು ಕಂಪ್ಯೂಟರಿನಲ್ಲಿ ಒಂದೇ ಸ್ವರವನ್ನೂ ಬದಲಿಸಲು ಸಾಧ್ಯ. ಇದರಿಂದ ನಿರ್ದೋಷವಾದ ಮುದ್ರಣಗಳು ದೊರೆತಿರುವುದು ನಿಜ. ಆದರೆ ತಪ್ಪಿದರೆ ತಿದ್ದಬಹುದೆಂದು ತಿಳಿದವನ ಕೈಗೂ, ತಪ್ಪಿದರೆ ಮೇಣವೇ ಹೋಯಿತೆಂದು ತಿಳಿದವನ ಕೈಗೂ ಅಂತರವುಂಟಷ್ಟೆ.

ಆ ಕೈಯೂ ಸುಖವಾಗಿಯೇ ಉಳಿಯಲಿಲ್ಲ. ಬಾಲ್ಯದಲ್ಲಿ ಯೋಚಿಸದೆಯೇ ಒದಗುತ್ತಿದ್ದ ಕಮಾನಿನ ಚಲನೆ ಯುದ್ಧಾನಂತರದ ವರ್ಷಗಳಲ್ಲಿ ಮೆನುಹಿನ್ ಅವರಿಗೆ ತೊಡಕಾಗತೊಡಗಿತು. 1952ರಲ್ಲಿ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಅವರು ಭೇಟಿಯಾದುದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರನ್ನು. ಅವರಿಂದ ಯೋಗಾಸನಗಳನ್ನು ಕಲಿತು, 1954ರಲ್ಲಿ ಸ್ವಿಟ್ಜರ್ಲೆಂಡಿಗೂ ಅವರನ್ನು ಕರೆಸಿಕೊಂಡರು. 1960ರ ದಶಕದ ನಡುವೆ, ಐವತ್ತರ ಸಮೀಪದಲ್ಲಿ, ಮೆನುಹಿನ್ ಅವರು ಸರ್ ಏಡ್ರಿಯನ್ ಬೋಲ್ಟ್ ಅವರ ನಿರ್ದೇಶನದಲ್ಲಿ ಅದೇ ಕನ್ಚೆರ್ಟೊವನ್ನು ಮತ್ತೆ ಮುದ್ರಿಸಿದರು. ನಾದ ಇನ್ನೂ ತುಂಬಿ ಬಂದಿತು, ಯಂತ್ರ ಇನ್ನೂ ಸೂಕ್ಷ್ಮವಾಗಿತ್ತು. ಬರೆದವರು ಮಾತ್ರ ಎದುರಿಗಿರಲಿಲ್ಲ.

ಎಲ್ಗಾರ್ ಈ ಕೃತಿಯ ಶಿರೋಭಾಗದಲ್ಲಿ, ಇದರೊಳಗೆ ಯಾರದೋ ಆತ್ಮ ಅಡಗಿದೆಯೆಂಬ ಅರ್ಥದ ಸ್ಪ್ಯಾನಿಷ್ ಮಾತೊಂದನ್ನು ಇಟ್ಟು, ಹೆಸರಿರಬೇಕಾದೆಡೆಯಲ್ಲಿ ಐದು ಚುಕ್ಕಿಗಳನ್ನು ಹಾಕಿದ್ದಾರೆ. ಆ ಹೆಸರಿನ ಬಗ್ಗೆ ಪಂಡಿತರ ಚರ್ಚೆ ಮುಗಿದಿಲ್ಲ. 1910ರ ಆ ಸಂಜೆ ಕ್ರೈಸ್ಲರ್ ನುಡಿಸಿದ ನಾದ ಕೇಳಿದವರೊಡನೆಯೇ ಹೋಯಿತು. ಕ್ವೀನ್ಸ್ ಹಾಲ್ ಕೂಡ 1941ರಲ್ಲಿ ಬಾಂಬಿಗೆ ಸಿಕ್ಕಿ ಸುಟ್ಟುಹೋಯಿತು. 1932ರ ಮುದ್ರಣವಾದರೋ ದೀರ್ಘಾವಧಿಯ ತಟ್ಟೆಯಾಗಿ, ಮುಂದೆ ಸಿ.ಡಿ.ಯಾಗಿ ಮತ್ತೆ ಮತ್ತೆ ಹೊರಬಂದಿದೆ. ಕೇಳಬಯಸುವವರು ಕೊನೆಯ ಭಾಗದ ಆ ಝೇಂಕಾರದ ತನಕ ಸಾವಧಾನವಾಗಿ ಕಾಯಬೇಕು. ಅಲ್ಲಿ ವೃಂದವನ್ನು ಅಷ್ಟು ಮೆಲ್ಲಗೆ ಅಣಗಿಸಿ ಹಿಡಿದಿರುವುದು ಎಪ್ಪತ್ತೈದರ ಕೈ; ಅದರ ಮೇಲೆ ಅವಸರವಿಲ್ಲದೆ ಹಾಡುತ್ತಿರುವುದು ಹದಿನಾರರ ಕೈ.