ಕಲ್ಲಿನೊಳಗಿನ ಜರಿಗಿಡ: ಒಂದು ತಿದ್ದುಪಡಿ



ಹೋದ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ, ಹಸಿರು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ, "ನಮ್ಮೂರ ಬಂಡೆಯಲ್ಲಿ ಕೋಟಿ ವರ್ಷದ ಜರಿಗಿಡ!" ಅಂತ ಬರೆದವನು ನಾನೇ. ನೀವೆಲ್ಲ ಓದಿದಿರಿ. ಏಳನೇ ತರಗತಿಯವರು ಸಾಲಾಗಿ ಬಂದು ಕಲ್ಲನ್ನು ಮುಟ್ಟಿ ನೋಡಿಕೊಂಡು ಹೋದರು. ಆದರೆ ಅದು ಜರಿಗಿಡವೂ ಅಲ್ಲ, ಪಳೆಯುಳಿಕೆಯೂ ಅಲ್ಲ. ತಪ್ಪು ಬರೆದವರೇ ತಿದ್ದಬೇಕು ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ನಾಚಿಕೆಯಾಗಿ ಎರಡು ದಿನ ಪೆನ್ನು ಹಿಡಿಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಕಲ್ಲು ಸಿಕ್ಕಿದ್ದು ಹೀಗೆ. ಯಲಹಂಕದಿಂದ ದೇವನಹಳ್ಳಿ ಕಡೆ ಹೋದರೆ ಸಾದಹಳ್ಳಿ ಇದೆಯಲ್ಲ, ಅಲ್ಲಿಯ ಬೂದು ಕಲ್ಲು ಬಹಳ ಹೆಸರುವಾಸಿ. ನಮ್ಮ ಕಡೆಯ ಬೇಲಿ ಕಂಬ, ಚಪ್ಪಡಿ, ಒರಳು ಎಲ್ಲ ಇಂಥ ಕಲ್ಲಿನದೇ. ನಮ್ಮೂರ ಹಿಂದೆಯೂ ಒಂದು ಹಳೆಯ ಕಲ್ಲುಗಣಿ ಇದೆ. ಹಳ್ಳದಲ್ಲಿ ನೀರು ನಿಂತಿರುವುದರಿಂದ ಒಳಗೆ ಇಳಿಯಬಾರದು, ನಾವು ಇಳಿಯಲೂ ಇಲ್ಲ. ಮೇಲೆ ರಾಶಿ ಬಿದ್ದ ಚೂರುಗಳಲ್ಲಿ ನಾನೂ ನನ್ನ ಬೆಂಚಿನ ಗೆಳೆಯನೂ ಹುಡುಕುತ್ತಿದ್ದೆವು. ಬಿರುಕು ಬಿಟ್ಟಿದ್ದ ಒಂದು ಕಲ್ಲನ್ನು ಅವನು ಎತ್ತಿ ಹಾಕಿದ. ಅದು ಪುಸ್ತಕ ತೆರೆದ ಹಾಗೆ ಎರಡು ಹೋಳಾಯಿತು. ಒಳಗೆ ಕಪ್ಪು ಬಣ್ಣದಲ್ಲಿ ರೆಂಬೆ, ಕಿರುರೆಂಬೆ, ಎಳೆ ಎಳೆಯಾಗಿ ಗಿಡವೇ ಇತ್ತು! ಎರಡು ಹೋಳಿನಲ್ಲೂ ಅದೇ ಚಿತ್ರ. ನನ್ನ ಎದೆ ಹೊಡೆದುಕೊಂಡ ಸದ್ದು ನನಗೇ ಕೇಳಿಸಿತು.

ಸಂಚಿಕೆ ಗೋಡೆಗೆ ಬಂದ ಮೇಲೆ ಒಂದು ದಿನ, ಮೊದಲು ಕಲ್ಲು ಒಡೆಯುತ್ತಿದ್ದ ಒಬ್ಬ ತಾತನಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಬೀಡಿ ಬಾಯಿಂದ ತೆಗೆಯದೆ, "ಗಿಡ ಅಲ್ಲ ಕಣ್ ಮಗ, ನೀರಿನ ಕರೆ ಅದು. ಸಂದು ಬಿಟ್ಟಿರೋ ಕಲ್ಲಲ್ಲೆಲ್ಲ ಇರ್ತದೆ. ಇಂಥವು ನೂರು ನೋಡಿವ್ನಿ" ಅಂದರು. ನನಗೆ ಕೋಪ ಬಂತು. ಓದು ಬರಹ ಬಾರದವರಿಗೆ ಏನು ಗೊತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡೆ. (ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ತಿದ್ದುಪಡಿ ಎಂದ ಮೇಲೆ ಪೂರ್ತಿ ಬರೆಯಬೇಕು.)

ಮರುದಿನ ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರು. ತಾತ ಹೇಳಿದ್ದೇ ಸರಿ. ಮ್ಯಾಂಗನೀಸ್ ಮತ್ತು ಕಬ್ಬಿಣದ ಅಂಶ ಇರುವ ನೀರು ಬಂಡೆಯ ಸಂದಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಆ ಅಂಶ ಅಲ್ಲೇ ಕಪ್ಪಾಗಿ ಕೂತು, ರೆಂಬೆ ರೆಂಬೆಯಾಗಿ ಹರಡಿ ಬೆಳೆಯುತ್ತದೆ. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಜೀವ ಇಲ್ಲದ್ದು ಗಿಡದ ಆಕಾರ ಹೇಗೆ ತಾಳುತ್ತೆ ಅಂತ ಕೇಳಿದೆ. ಮೇಷ್ಟ್ರು ಎರಡು ಸ್ಲೇಟು ತರಿಸಿ, ನಡುವೆ ಗಟ್ಟಿ ರಾಗಿ ಅಂಬಲಿ ಸವರಿ, ಒತ್ತಿ, ಮೆಲ್ಲಗೆ ಎಳೆದು ಬಿಡಿಸಿದರು. ಎರಡೂ ಸ್ಲೇಟಿನ ಮೇಲೆ ಜರಿಗಿಡ! ಅಂಬಲಿಯಲ್ಲಿ ರೆಂಬೆ ಮೂಡುವುದಕ್ಕೂ ಕಲ್ಲಿನಲ್ಲಿ ಮೂಡುವುದಕ್ಕೂ ಕಾರಣ ಒಂದೇ ಅಲ್ಲ. ಆದರೆ ರೆಂಬೆ ಕಂಡಲ್ಲೆಲ್ಲ ಗಿಡ ಇರಬೇಕಾಗಿಲ್ಲ ಎಂಬುದು ಖಾತ್ರಿಯಾಯಿತು. ಮನೆಯಲ್ಲಿ ಮಾಡಿ ನೋಡಿ, ಅಮ್ಮನ ಕೈಗೆ ಸಿಗದಂತೆ.

ಆಮೇಲೆ ನಾನೇ ನೋಡಿದೆ. ನಿಜವಾದ ಎಲೆಗೆ ನಡುವೆ ದಂಟು ಇರುತ್ತದೆ, ನರಗಳು ಒಂದು ಕ್ರಮದಲ್ಲಿ ಹೊರಡುತ್ತವೆ. ನನ್ನ ಕಲ್ಲಿನಲ್ಲಿ ದಂಟೇ ಇಲ್ಲ. ರೆಂಬೆಗಳೆಲ್ಲ ಬಿರುಕಿನ ಅಂಚಿನಿಂದ ಒಳಮುಖವಾಗಿ, ಅಂದರೆ ನೀರು ಬಂದ ದಾರಿಯಲ್ಲೇ, ಬೆಳೆದಿವೆ. ಪಿನ್ನಿನಿಂದ ಕೆರೆದರೆ ಕಪ್ಪು ಪುಡಿ ಬಂತು, ಕೆಳಗೆ ಬರೀ ಕಲ್ಲು.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಮ್ಮ ಕಾಲಡಿಯ ಬಂಡೆಯಲ್ಲಿ ಜರಿಗಿಡ ಇರುವುದಕ್ಕೆ ಸಾಧ್ಯವೇ ಇಲ್ಲ. ಬೆಂಗಳೂರಿನ ಸುತ್ತ ಹೆಚ್ಚಾಗಿ ಇರುವುದು ನೈಸ್ ಎಂಬ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬುವರು 1916ರಲ್ಲಿ ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೇ, ವಯಸ್ಸು ಸುಮಾರು 300 ಕೋಟಿ ವರ್ಷ. ನೆಲದ ಮೇಲೆ ಗಿಡ ಹುಟ್ಟಿದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಅಜ್ಜ ಹುಟ್ಟಿದ ದಿನದ ಫೋಟೋದಲ್ಲಿ ಮೊಮ್ಮಗ ಇದ್ದಾನೆ ಅಂದ ಹಾಗಾಯಿತು ನನ್ನ ಲೇಖನ! ಅಲ್ಲದೆ ಈ ಶಿಲೆ ನೆಲದ ಆಳದಲ್ಲಿ ಬೆಂದು ಆದದ್ದು. ಎಲೆ, ಮೂಳೆ, ಚಿಪ್ಪು ಉಳಿಯಬೇಕಾದರೆ ಅವು ಕೆಸರಲ್ಲೋ ಮರಳಲ್ಲೋ ಬೇಗ ಹೂತುಹೋಗಿ, ಪದರ ಪದರವಾಗಿ ಮುಚ್ಚಿಕೊಂಡು ಕಲ್ಲಾಗಬೇಕು.

ಇಷ್ಟಾದ ಮೇಲೆ ಮೇಷ್ಟ್ರು ಒಂದು ಸಂಗತಿ ಹೇಳಿದರು. ಅದರಿಂದ ಸ್ವಲ್ಪ ಸಮಾಧಾನವಾಯಿತು. ಭೋಪಾಲದ ಹತ್ತಿರ ಭೀಮ್‌ಬೇಟ್ಕಾ ಎಂಬ ಗುಹೆಗಳಿವೆ, ಆದಿಮಾನವರ ಚಿತ್ರಗಳಿಗೆ ಪ್ರಸಿದ್ಧ. 2020ರ ಮಾರ್ಚಿನಲ್ಲಿ ಅಲ್ಲಿಗೆ ಹೋದ ಭೂವಿಜ್ಞಾನಿಗಳಿಗೆ ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ, ಎಲೆಯಂಥ ಒಂದು ಗುರುತು ಕಂಡಿತು. ಅಮೆರಿಕದ ಗ್ರೆಗರಿ ರೆಟಾಲ್ಯಾಕ್ ಮತ್ತು ಸಂಗಡಿಗರು ಅದು ಡಿಕಿನ್ಸೋನಿಯಾ, ಅಂದರೆ ಸುಮಾರು 55 ಕೋಟಿ ವರ್ಷದ ಹಿಂದಿನ ಮೃದು ಮೈಯ ಜೀವಿ ಎಂದು ಪ್ರಕಟಿಸಿದರು. 2021ರಲ್ಲಿ ಪೇಪರಿನಲ್ಲೆಲ್ಲ ಸುದ್ದಿ. ಜೋಸೆಫ್ ಮೀರ್ಟ್ ಎಂಬ ಇನ್ನೊಬ್ಬ ವಿಜ್ಞಾನಿಯ ತಂಡ ಅಲ್ಲಿಗೇ ಹೋಗಿ ನೋಡಿದಾಗ ಆ ಗುರುತು ಬಂಡೆಯಿಂದ ಸಿಪ್ಪೆಯಂತೆ ಎದ್ದು ಬರುತ್ತಿತ್ತು! ಪಕ್ಕದಲ್ಲೇ ಜೇನುಗೂಡುಗಳೂ ಇದ್ದವು. ಅದು ಹಳೆಯ ಜೇನುಗೂಡಿನ ಕರೆ ಎಂದು 2023ರಲ್ಲಿ ಬರೆದರು. ರೆಟಾಲ್ಯಾಕ್ ಅವರೂ ತಪ್ಪನ್ನು ಒಪ್ಪಿಕೊಂಡರು. ಅಲ್ಲಿ ಜೇನು, ಇಲ್ಲಿ ನೀರು. ಅವರನ್ನು ಲೋಕವೇ ನೋಡುತ್ತಿತ್ತು, ನನ್ನನ್ನು ಏಳನೇ ತರಗತಿ ಮಾತ್ರ.

ಹಾಗಾದರೆ ನಿಜವಾದ ಪಳೆಯುಳಿಕೆ ಹೇಗಿರುತ್ತದೆ? ಒಂದು ಈಗ ನಮ್ಮ ಶಾಲೆಯಲ್ಲಿದೆ. ನನ್ನ ಮಾವ ಲಾರಿ ಓಡಿಸುತ್ತಾರೆ. ಸಿಮೆಂಟು ತರಲು ತಮಿಳುನಾಡಿನ ಅರಿಯಲೂರಿಗೆ ಹೋಗಿದ್ದಾಗ ರಸ್ತೆ ಬದಿಯ ಸುಣ್ಣಕಲ್ಲಿನ ಚೂರೊಂದನ್ನು ನನ್ನ ಹುಚ್ಚು ನೆನಪಾಗಿ ಟೂಲ್ ಬಾಕ್ಸಿನಲ್ಲಿ ಹಾಕಿಕೊಂಡು ಬಂದರು. ಅದರಲ್ಲಿ ಒಂದು ದಪ್ಪ ಕಪ್ಪೆಚಿಪ್ಪು ಇದೆ. ಮುಟ್ಟಿದರೆ ಉಬ್ಬು ಕೈಗೆ ಸಿಗುತ್ತದೆ, ಅಂಚಿನಲ್ಲಿ ಚಿಪ್ಪು ಬೆಳೆದ ಪದರಗಳನ್ನು ಒಂದೊಂದಾಗಿ ಎಣಿಸಬಹುದು. ಸುಮಾರು 7 ಕೋಟಿ ವರ್ಷದ ಹಿಂದೆ ಅರಿಯಲೂರು ಸಮುದ್ರವಾಗಿತ್ತಂತೆ. ಅಲ್ಲಿಯ ಸುಣ್ಣಕಲ್ಲಿನಿಂದಲೇ ಸಿಮೆಂಟು ಮಾಡುತ್ತಾರೆ.

ಆ ಸೀಮೆಯ ಚಿಪ್ಪುಗಳನ್ನು 1840ರ ಆಸುಪಾಸಿನಲ್ಲಿ ಆರಿಸಿದ ಕೇ ಮತ್ತು ಕನ್ಲಿಫ್ ಎಂಬ ಇಬ್ಬರು ಮದರಾಸು ಸರ್ಕಾರದ ನೌಕರರು. ಕಲ್ಲು ಹುಡುಕುವುದು ಅವರಿಗೆ ಕಸುಬಲ್ಲ, ಹವ್ಯಾಸ. ತಾವೇ ಹೆಸರಿಟ್ಟು ಕೂರದೆ ಲಂಡನ್ನಿಗೆ ಕಳುಹಿಸಿದರು. ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸರು 1846ರಲ್ಲಿ ಅವನ್ನು ವಿವರಿಸಿ ಪ್ರಕಟಿಸಿದರು. ಹತ್ತಿರದ ಪೆರಂಬಲೂರು ಜಿಲ್ಲೆಯ ಸಾತ್ತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರ ಮಲಗಿದೆ. 1940ರಲ್ಲಿ ಎಂ. ಎಸ್. ಕೃಷ್ಣನ್ ಎಂಬ ಭೂವಿಜ್ಞಾನಿ ಅದನ್ನು ಗುರುತಿಸಿದರು. ಈಗ ಅದು ರಕ್ಷಿತ ಸ್ಥಳ, ನೋಡಬಹುದು, ಚೂರು ತರುವಂತಿಲ್ಲ.

ನಮ್ಮ ರಾಜ್ಯಕ್ಕೆ ಏನೂ ಇಲ್ಲವೇ ಅಂತ ಬೇಜಾರಾಗಬೇಡಿ. ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗದ ಭೀಮಸಮುದ್ರ, ಶಿವಮೊಗ್ಗದ ಕುಂಸಿ ಕಡೆ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಸಿಗುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೀರಿನಲ್ಲಿ ಪಾಚಿಯ ಹಾಗೆ ಹಾಸಿಕೊಂಡು, ಮೇಲೆ ಮಣ್ಣು ಕೂತಂತೆ ಮತ್ತೆ ಮೇಲೆ ಬೆಳೆದು, ಅವು ಕಟ್ಟಿದ ಪದರಗಳೇ ಕಲ್ಲಾಗಿವೆ. ಸುಮಾರು 260 ಕೋಟಿ ವರ್ಷದವು. ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಕಾಣುತ್ತವಂತೆ. ಜರಿಗಿಡದಷ್ಟು ಚೆಂದ ಇರಲಿಕ್ಕಿಲ್ಲ. ನಾನು ಹುಡುಕುತ್ತಿದ್ದರೆ ಖಂಡಿತ ದಾಟಿಕೊಂಡು ಹೋಗುತ್ತಿದ್ದೆ.

ನಿಂಬೆರಸದ ಪರೀಕ್ಷೆಯೂ ಮಾಡಿದೆವು. ಅರಿಯಲೂರಿನ ಚಿಪ್ಪಿನ ಮೇಲೆ ಹಾಕಿದರೆ ಸಣ್ಣಗೆ ಗುಳ್ಳೆ ಏಳುತ್ತದೆ, ನನ್ನ ಕಲ್ಲಿನ ಮೇಲೆ ಇಲ್ಲ. ಆದರೆ ಗೆಳತಿಯೊಬ್ಬಳು ಹೊಲದಿಂದ "ಮೂಳೆ" ಅಂತ ತಂದ ಬಿಳಿ ಗಂಟಿನ ಮೇಲೂ ಗುಳ್ಳೆ ಬಂತು! ಅದು ಮಣ್ಣಿನಲ್ಲಿ ಸುಣ್ಣ ಗಟ್ಟಿಯಾಗಿ ಆದ ಹರಳು. ಹಾಗಾಗಿ ನಿಂಬೆರಸ ಸುಣ್ಣ ಇದೆ ಅಂತ ಮಾತ್ರ ಹೇಳುತ್ತದೆ, ಜೀವಿ ಅಂತ ಹೇಳುವುದಿಲ್ಲ.

ಹೋದ ಸಂಚಿಕೆಯ ಹಾಳೆಯನ್ನು ಹರಿದುಹಾಕೋಣ ಅಂದೆ. ಮೇಷ್ಟ್ರು ಬೇಡ ಅಂದರು. ಎರಡೂ ಹಾಳೆ ಪಕ್ಕಪಕ್ಕ ಅಂಟಿಸಿದ್ದೇವೆ. ಕಲ್ಲು ಒಡೆಯುವ ತಾತನ ಹತ್ತಿರ ಹೋಗಿ, ನೀವು ಹೇಳಿದ್ದೇ ಸರಿ ತಾತ ಅಂದೆ. ಅವರು ನಕ್ಕು ಇನ್ನೂ ದೊಡ್ಡ ರೆಂಬೆಯ ಕಲ್ಲೊಂದನ್ನು ಹಿತ್ತಲಿನಿಂದ ತಂದು ಕೊಟ್ಟರು. ಅದು, ನನ್ನ ಕಲ್ಲು, ಮಾವನ ಚಿಪ್ಪು, ಬಿಳಿ ಹರಳು, ನಾಲ್ಕೂ ವಿಜ್ಞಾನದ ಬೀರುವಿನಲ್ಲಿವೆ. ನೋಡಲು ಬರುವವರು ಒಂದು ನಿಂಬೆಹಣ್ಣು ತನ್ನಿ, ನಮ್ಮದು ಮುಗಿದಿದೆ.